ಗನ್ ಕೇಳುವ ಗಾಳಿ, ಕಂಪ್ರೆಸರ್ ಕೊಡುವ ಗಾಳಿ: ಸುಂಕದಕಟ್ಟೆಯ ಒಂದು ಶೆಡ್ಡಿನ ಪ್ರಕರಣ

ಕಳೆದ ಜುಲೈನ ಒಂದು ಸೋಮವಾರ ಬೆಳಿಗ್ಗೆ ಬೆಂಗಳೂರಿನ ಸುಂಕದಕಟ್ಟೆಯಿಂದ ಆಚಾರ್ರೊಬ್ಬರು ಫೋನ್ ಮಾಡಿದರು. "ಕಂಪ್ರೆಸರ್‌ಗೆ ದಮ್ಮೇ ಇಲ್ಲ. ಬಂದು ಸ್ವಲ್ಪ ನೋಡಿ ಹೋಗಿ" ಅಂದರು. ಕಾಮಾಕ್ಷಿಪಾಳ್ಯದಲ್ಲಿ ಸಣ್ಣ ಕಂಪ್ರೆಸರ್‌ಗಳ ವಾಲ್ವು, ರಿಂಗು, ಪ್ರೆಷರ್ ಸ್ವಿಚ್ಚು ರಿಪೇರಿ ಮಾಡುವುದು ನನ್ನ ಕೆಲಸ. ಟೂಲ್ ಬ್ಯಾಗ್ ತಗೊಂಡು ಹೊರಟೆ. ಹೋಗಿ ನೋಡಿದರೆ ಕಂಪ್ರೆಸರ್ ಚೆನ್ನಾಗೇ ಇತ್ತು. ಅದಕ್ಕೆ ಜೋಡಿಸಿದ್ದ ಹೊಸ ಸ್ಪ್ರೇ ಗನ್ನೂ ಚೆನ್ನಾಗೇ ಇತ್ತು. ಇವೆರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಇಂಥ ಕರೆ ನನಗೆ ತುಂಬಾ ಬರುತ್ತವೆ. ಗನ್ ಕೊಳ್ಳುವಾಗ ಎಲ್ಲರೂ ನೋಡುವುದು ನಾಜಲ್ (ಬಣ್ಣ ಹೊರಬರುವ ತೂತು) ಎಷ್ಟು, ಬೆಲೆ ಎಷ್ಟು ಅಂತ. ಗಾಳಿ ಎಷ್ಟು ಬೇಕು ಅಂತ ಯಾರೂ ಕೇಳುವುದಿಲ್ಲ. ಹಾಗಾಗಿ ಈ ಒಂದು ಪ್ರಕರಣವನ್ನು ಲೆಕ್ಕದ ಸಮೇತ ಪೂರ್ತಿ ಬರೆಯುತ್ತಿದ್ದೇನೆ.

ಶೆಡ್ಡು ಮತ್ತು ಕೆಲಸ

ಆಚಾರ್ರದು ತಂದೆಯ ಕಾಲದಿಂದ ಬಂದ ಮರಗೆಲಸ. ದೇವರ ಮಂಟಪ, ಬಾಗಿಲು, ಈಗ ಜಾಸ್ತಿಯಾಗಿ ವಾರ್ಡ್‌ರೋಬ್ ಮತ್ತು ಅಡುಗೆಮನೆಯ ಶಟರ್‌ಗಳು, ಅಂದರೆ ಕಪಾಟಿನ ಬಾಗಿಲುಗಳು. ಪಾಲಿಶ್ ಎಲ್ಲ ಬಟ್ಟೆ ಉಂಡೆ ಮಾಡಿ ಕೈಯಲ್ಲೇ ಹಚ್ಚುತ್ತಿದ್ದರು. ಮಗ ಡಿಪ್ಲೊಮಾ ಮುಗಿಸಿ ಅಪ್ಪನ ಜೊತೆಗೇ ಸೇರಿಕೊಂಡ ಮೇಲೆ ಕಂಪ್ರೆಸರ್ ಬಂತು. ಮೊಳೆ ಹೊಡೆಯುವ ಗನ್‌ಗೆ ಅಂತ ತಂದದ್ದು: 2 ಎಚ್‌ಪಿ ಮೋಟರ್, 50 ಲೀಟರ್ ಟ್ಯಾಂಕ್, 8 ಬಾರ್ ಒತ್ತಡ, ಸಿಂಗಲ್ ಫೇಸ್. ಮೊಳೆಗೆ ಅದು ಬೇಕಾದಷ್ಟಾಯಿತು.

ಅಷ್ಟರಲ್ಲಿ ನಾಗರಬಾವಿಯ ಒಂದು ಮನೆಯಿಂದ 14 ಶಟರ್‌ಗಳ ಕೆಲಸ ಬಂತು. ಒಂದೊಂದೂ 7 ಅಡಿ ಉದ್ದ, ಒಂದೂವರೆ ಅಡಿ ಅಗಲ. ಬಿಳಿ ಬಣ್ಣದ ಮ್ಯಾಟ್ (ಹೊಳಪಿಲ್ಲದ) ಪಿಯು, ಅಂದರೆ ಪಾಲಿಯುರಿಥೇನ್ ಪೇಂಟ್ ಬೇಕು ಅಂತ ಮನೆಯವರು ಹೇಳಿದ್ದರು. ಬಿಳಿ ಮ್ಯಾಟ್‌ನಲ್ಲಿ ಏನೂ ಮುಚ್ಚಿಡಲು ಆಗುವುದಿಲ್ಲ. ಕಿಟಕಿಯ ಬೆಳಕು ಅಡ್ಡಲಾಗಿ ಬಿದ್ದರೆ ಒಂದೊಂದು ಕಾಳೂ ಕಾಣುತ್ತದೆ. ಹುಡುಗ ಆನ್‌ಲೈನ್‌ನಲ್ಲಿ ಹುಡುಕಿ, ಎಲ್ಲರೂ ಹೊಗಳುತ್ತಾರೆ ಅಂತ 1.4 ಮಿಲಿಮೀಟರ್ ನಾಜಲ್‌ನ ಎಚ್‌ವಿಎಲ್‌ಪಿ (ಹೈ ವಾಲ್ಯೂಮ್ ಲೋ ಪ್ರೆಷರ್) ಗನ್ ತರಿಸಿದ್ದ. ಶ್ರಾವಣದಲ್ಲಿ ಗೃಹಪ್ರವೇಶ. ಕೈಯಲ್ಲಿ ಉಳಿದಿದ್ದದ್ದು ಎರಡೂವರೆ ವಾರ.

ಎಡಗಡೆಯವು ನುಣುಪು, ಬಲಗಡೆಯವು ಮರಳು

ಮೊದಲ ಕೋಟ್ ಹೊಡೆದ ಶಟರ್‌ಗಳನ್ನು ಗೋಡೆಗೆ ಒರಗಿಸಿ ತೋರಿಸಿದರು. ಏಳು ಶಟರ್ ತುಂಬಾ ಚೆನ್ನಾಗಿ ಬಂದಿದ್ದವು. ಇನ್ನೇಳರಲ್ಲಿ ಅರ್ಧ ನುಣುಪು, ಆಮೇಲೆ ಕೈಯಾಡಿಸಿದರೆ ರವೆಯ ಹಾಗೆ ಒರಟು.

"ಬಣ್ಣ ಸರಿ ಇಲ್ಲ ಅಂತ ಡಬ್ಬಿ ಬದಲಾಯಿಸಿದ್ವಿ ಅಣ್ಣಾ. ತಿನ್ನರ್ ಜಾಸ್ತಿ ಹಾಕಿ ನೋಡಿದೆ. ಆಗ ಅಂಚಲ್ಲಿ ಇಳಿಯೋಕೆ ಶುರುವಾಯ್ತು" ಅಂದ ಹುಡುಗ.

ಹೇಗೆ ಇಟ್ಟು ಹೊಡೆದಿರಿ ಅಂತ ಕೇಳಿದೆ. ಕುದುರೆ ಸ್ಟ್ಯಾಂಡ್ ಮೇಲೆ ಎರಡೆರಡು ಶಟರ್ ಪಕ್ಕಪಕ್ಕ ಮಲಗಿಸಿ, ಎಡದ್ದು ಮುಗಿಸಿ ನಿಲ್ಲಿಸದೆ ಬಲದ್ದಕ್ಕೆ ಹೋಗುತ್ತಿದ್ದನಂತೆ. ಕೆಟ್ಟ ಏಳೂ ಬಲಗಡೆಯವು. ಬಣ್ಣ ಕೆಟ್ಟಿದ್ದರೆ ಎರಡೂ ಕಡೆ ಕೆಡಬೇಕಿತ್ತು, ಅಲ್ವಾ? ಇಲ್ಲಿ ಹೊತ್ತು ಕಳೆದಂತೆ ಕೆಡುತ್ತಿದೆ. ಸುಮಾರು ಒಂದೂಕಾಲು ನಿಮಿಷ ಆದಮೇಲೆ ಯಾವುದೋ ಮುಗಿದುಹೋಗುತ್ತಿದೆ. ಶೆಡ್ಡಿನಲ್ಲಿ ಹಾಗೆ ಮುಗಿಯುವ ವಸ್ತು ಟ್ಯಾಂಕಿನ ಗಾಳಿ ಒಂದೇ.

ಗಾಳಿ ಅಳೆದ ಬಗೆ

ಕಂಪ್ರೆಸರ್ ಲೇಬಲ್ ಮೇಲೆ 7 ಸಿಎಫ್‌ಎಂ ಅಂತ ಇತ್ತು. ಅಂದರೆ ನಿಮಿಷಕ್ಕೆ 7 ಘನ ಅಡಿ ಗಾಳಿ. ಒಂದು ಘನ ಅಡಿ ಅಂದರೆ 28.3 ಲೀಟರ್, ಹಾಗಾಗಿ ಸುಮಾರು 198 ಲೀಟರ್. ಆದರೆ ಸಣ್ಣ ಕಂಪ್ರೆಸರ್‌ಗಳ ಲೇಬಲ್ ಮೇಲೆ ಬರೆಯುವುದು ಸಾಮಾನ್ಯವಾಗಿ ಪಿಸ್ಟನ್ ಒಳಗೆ ಎಳೆದುಕೊಳ್ಳುವ ಲೆಕ್ಕ. ಒತ್ತಡಕ್ಕೆ ಎದುರಾಗಿ ಟ್ಯಾಂಕ್ ಸೇರುವ ಗಾಳಿ ಅದಕ್ಕಿಂತ ಎಷ್ಟೋ ಕಡಿಮೆ. ಸಿಲಿಂಡರಿನ ತಲೆಯ ಹತ್ತಿರ ಉಳಿಯುವ ಗಾಳಿ, ಬಿಸಿ, ವಾಲ್ವಿನ ಸೋರಿಕೆ, ಎಲ್ಲ ಸೇರಿ ಮೂರನೇ ಒಂದು ಪಾಲು ಹೋಗುವುದು ದೊಡ್ಡ ವಿಷಯವಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ಮಾತೂ ಸೇರುತ್ತದೆ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಇಲ್ಲಿನ ಗಾಳಿ ಮಂಗಳೂರು, ಚೆನ್ನೈ ಗಾಳಿಗಿಂತ ಸುಮಾರು ಹತ್ತರಲ್ಲಿ ಒಂದು ಪಾಲು ತೆಳು. ಅದೇ ಪಿಸ್ಟನ್, ಅದೇ ವೇಗ, ಆದರೂ ಟ್ಯಾಂಕಿಗೆ ಬೀಳುವುದು ಅಷ್ಟು ಕಡಿಮೆ.

ಅದಕ್ಕೆ ನಾನು ಲೇಬಲ್ ನಂಬುವುದಿಲ್ಲ, ಅಳೆಯುತ್ತೇನೆ. ಇದಕ್ಕೆ ಬೇಕಾದದ್ದು ಮೊಬೈಲ್‌ನ ಸ್ಟಾಪ್‌ವಾಚ್ ಮಾತ್ರ. ಔಟ್‌ಲೆಟ್ ಮುಚ್ಚಿ, ಗಾಳಿ ಬಿಟ್ಟು ಟ್ಯಾಂಕನ್ನು 5 ಬಾರ್‌ಗಿಂತ ಕೆಳಗೆ ತಂದು, ಕಂಪ್ರೆಸರ್ ಓಡಿಸಬೇಕು. ಗೇಜಿನ ಮುಳ್ಳು 5 ದಾಟುವಾಗ ಸ್ಟಾಪ್‌ವಾಚ್ ಶುರು, 7 ಮುಟ್ಟಿದಾಗ ನಿಲ್ಲಿಸಬೇಕು. ಒಂದೊಂದು ಬಾರ್ ಏರಿದಾಗಲೂ ಸುಮಾರು ಟ್ಯಾಂಕಿನಷ್ಟೇ ಗಾತ್ರದ ಹೊರಗಿನ ಗಾಳಿ ಒಳಗೆ ಸೇರುತ್ತದೆ; 50 ಲೀಟರ್ ಟ್ಯಾಂಕಿನಲ್ಲಿ 2 ಬಾರ್ ಏರಿತು ಅಂದರೆ 100 ಲೀಟರ್ ಗಾಳಿ ಒಳಗೆ ಹೋಯಿತು ಅಂತ ಲೆಕ್ಕ. ಮೂರು ಸಲ ಅಳೆದೆವು. ಸರಾಸರಿ 46 ಸೆಕೆಂಡ್. ಅಂದರೆ ನಿಮಿಷಕ್ಕೆ ಸುಮಾರು 130 ಲೀಟರ್, 4.6 ಸಿಎಫ್‌ಎಂ. ಎತ್ತರದ ನಷ್ಟವೂ ಇದರೊಳಗೇ ಬಂದುಹೋಯಿತು. ಈ ಗಾತ್ರದ ಕಂಪ್ರೆಸರ್‌ಗೆ ಇದು ಆರೋಗ್ಯವಾದ ಸಂಖ್ಯೆ. ರಿಪೇರಿ ಮಾಡಲು ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಗನ್‌ನ ಡಬ್ಬಿ ತರಿಸಿದೆ. ಒಳಗಿನ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು: 2 ಬಾರ್ ಒತ್ತಡದಲ್ಲಿ 10 ಸಿಎಫ್‌ಎಂ. ಅಂದರೆ ನಿಮಿಷಕ್ಕೆ 283 ಲೀಟರ್. ಕೊಡುವವನು 130 ಕೊಡುತ್ತಾನೆ, ಕುಡಿಯುವವನು 283 ಕುಡಿಯುತ್ತಾನೆ.

ಆಚಾರ್ರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳಿದೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಮನೆಯವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಸಂಪಿನಿಂದ ಎತ್ತುವ ಮೋಟರ್ ಅಂದರೆ ಈ ಪಿಸ್ಟನ್. ಮೇಲಿನ ಟ್ಯಾಂಕ್ ಅಂದರೆ ಈ ಟ್ಯಾಂಕ್. ನಲ್ಲಿ ಅಂದರೆ ಗನ್. ಮೋಟರ್ ಸಣ್ಣದು, ನಲ್ಲಿ ದೊಡ್ಡದು. ಟ್ಯಾಂಕಿನಲ್ಲಿ ಇರುವಷ್ಟು ಹೊತ್ತು ನೀರು ಜೋರಾಗಿ ಬರುತ್ತದೆ, ಆಮೇಲೆ ಸೊರಗುತ್ತದೆ.

ಲೆಕ್ಕ ಹಾಕಿದರೆ ಹುಡುಗನ ಒಂದೂಕಾಲು ನಿಮಿಷವೂ ಸಿಕ್ಕಿತು. ಟ್ಯಾಂಕ್ 8 ಬಾರ್‌ನಲ್ಲಿ ತುಂಬಿದೆ. ಮೋಟರ್ ಮತ್ತೆ ಹತ್ತುವುದು 5.5 ಬಾರ್‌ಗೆ ಇಳಿದಮೇಲೆ. ಅಲ್ಲಿವರೆಗಿನ ಎರಡೂವರೆ ಬಾರ್, ಅಂದರೆ 125 ಲೀಟರ್, ಸುಮಾರು 26 ಸೆಕೆಂಡಿನಲ್ಲಿ ಖಾಲಿ. ಆಮೇಲೆ ಮೋಟರ್ ಓಡುತ್ತಿದ್ದರೂ ನಿಮಿಷಕ್ಕೆ 153 ಲೀಟರ್ ಕೊರತೆ. ಟ್ಯಾಂಕ್ 3 ಬಾರ್‌ಗೆ ಬರಲು ಇನ್ನೊಂದು 49 ಸೆಕೆಂಡ್. ಒಟ್ಟು 75 ಸೆಕೆಂಡ್. ಅಲ್ಲಿಂದ ಮುಂದೆ ಗನ್‌ಗೆ ಒತ್ತಡ ಸಾಲದು. ಬಣ್ಣ ಹನಿಯಾಗಿ ಒಡೆಯದೆ ದಪ್ಪ ದಪ್ಪ ಕಾಳಾಗಿ ಬೀಳುತ್ತದೆ. ಆಚಾರ್ರು ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ತಾವೇ ಇನ್ನೊಂದು ಸಲ ಕೂಡಿಸಿ ಕಳೆದು ನೋಡಿದರು. "ಪಾಪ, ಬಣ್ಣದ ಅಂಗಡಿಯವನ್ನ ಸುಮ್ನೆ ಬೈದುಬಿಟ್ಟೆ" ಅಂದರು.

ಎಚ್‌ವಿಎಲ್‌ಪಿ ಯಾಕೆ ಇಷ್ಟು ಗಾಳಿ ಕೇಳುತ್ತದೆ?

ಹೆಸರಿನಲ್ಲೇ ಇದೆ: ಗಾಳಿ ಹೆಚ್ಚು, ಒತ್ತಡ ಕಡಿಮೆ. ಹಳೆಯ ಗನ್‌ಗಳು ಜೋರು ಒತ್ತಡದಿಂದ ಬಣ್ಣವನ್ನು ಸಿಡಿಸಿ ಒಡೆಯುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಣ್ಣ ಮಂಜಾಗಿ ಗಾಳಿಗೆ ಹೋಗುವುದೂ ಉಂಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಯುಮಾಲಿನ್ಯದ ನಿಯಮ ಬಿಗಿಯಾಗಿ, ಹೊಡೆದ ಬಣ್ಣದಲ್ಲಿ ನೂರಕ್ಕೆ 65 ಪಾಲಾದರೂ ವಸ್ತುವಿನ ಮೇಲೆ ಕೂರಬೇಕು ಎಂಬ ಮಟ್ಟ ಬಂತು. ಅದಕ್ಕೆ ಹೊಂದಿಕೊಂಡದ್ದು ಎಚ್‌ವಿಎಲ್‌ಪಿ. ಗನ್‌ನ ಬಾಯಲ್ಲಿ, ಅಂದರೆ ಏರ್ ಕ್ಯಾಪ್‌ನಲ್ಲಿ, ಒತ್ತಡ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ದಾಟಬಾರದು. ಅಷ್ಟು ಮೆತ್ತಗಿನ ಒತ್ತಡದಲ್ಲಿ ಬಣ್ಣ ಒಡೆಯಬೇಕಾದರೆ ಗಾಳಿಯ ಪ್ರಮಾಣ ಜಾಸ್ತಿ ಬೇಕೇ ಬೇಕು. ಕಾರಿಗೆ ಬಣ್ಣ ಹೊಡೆಯುವ, ದೊಡ್ಡ ಕಂಪ್ರೆಸರ್ ಇರುವ ಜಾಗದಲ್ಲಿ ಅದು ಒಳ್ಳೆಯ ಗನ್. ಹುಡುಗ ಓದಿದ ಹೊಗಳಿಕೆ ಸುಳ್ಳಲ್ಲ. ಅದನ್ನು ಬರೆದವರ ಹಿಂದೆ ಎಂಥ ಕಂಪ್ರೆಸರ್ ಇತ್ತು ಎಂಬುದು ಅದರಲ್ಲಿ ಬರೆದಿರಲಿಲ್ಲ.

ಮುಂದಿದ್ದ ದಾರಿಗಳು

ಆಚಾರ್ರು ಮೊದಲು ಕೇಳಿದ್ದು ದೊಡ್ಡ ಕಂಪ್ರೆಸರ್ ತರೋಣವಾ ಅಂತ. 10 ಸಿಎಫ್‌ಎಂ ನಿಜವಾಗಿ ಬೇಕು ಅಂದರೆ 5 ಎಚ್‌ಪಿ ಹತ್ತಿರ ಹೋಗಬೇಕು. ಆ ಗಾತ್ರಕ್ಕೆ ಸಾಮಾನ್ಯವಾಗಿ ತ್ರೀ ಫೇಸ್ ಬೇಕು. ಬಾಡಿಗೆ ಶೆಡ್ಡು, ಬೆಸ್ಕಾಂನಲ್ಲಿ ಲೋಡ್ ಹೆಚ್ಚಿಸಲು ಮಾಲೀಕರ ಒಪ್ಪಿಗೆ ಬೇಕು, ಎರಡೂ ಪಕ್ಕದಲ್ಲಿ ಮನೆಗಳಿವೆ. ತಿಂಗಳಿಗೆ ನಾಲ್ಕು ದಿನದ ಪೇಂಟ್ ಕೆಲಸಕ್ಕೆ ಅದು ಬೇಡ ಅಂದೆ.

ಇನ್ನೊಂದು ಟ್ಯಾಂಕ್ ಸೇರಿಸಿದರೆ? ಇದನ್ನು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಮೇಲಿನ ಟ್ಯಾಂಕ್ ದೊಡ್ಡದು ಮಾಡಿದರೆ ಎರಡು ನಿಮಿಷ ಜಾಸ್ತಿ ಬರುತ್ತದೆ. ಆದರೆ ಅದನ್ನು ತುಂಬಲು ಅದೇ ಸಣ್ಣ ಮೋಟರ್ ಅಷ್ಟೇ ಜಾಸ್ತಿ ಹೊತ್ತು ಓಡಬೇಕು. ಇಂಥ ಕಂಪ್ರೆಸರ್‌ಗಳು ಅರ್ಧ ಹೊತ್ತು ಓಡಿ ಅರ್ಧ ಹೊತ್ತು ತಣ್ಣಗಾಗಲು ಮಾಡಿದವು. ಸತತವಾಗಿ ಓಡಿಸಿದರೆ ತಲೆ ಕಾದು ರಿಂಗು, ವಾಲ್ವು ಹೋಗುತ್ತವೆ. ಹಾಗೆ ಹೋದವನ್ನು ನಾನು ವಾರವಾರ ಬಿಚ್ಚುತ್ತೇನೆ.

ಮನೆಯಲ್ಲಿ ಹಳೆಯ ಕೆಳಕಪ್ಪಿನ ಗನ್ ಒಂದಿತ್ತು. ಬಣ್ಣವನ್ನು ಕೆಳಗಿನಿಂದ ಹೀರಿಕೊಳ್ಳುವ ಜಾತಿ, 1.8 ನಾಜಲ್. ಪ್ರೈಮರ್‌ಗೆ ಅದು ಸಾಕು. ಟಾಪ್ ಕೋಟ್‌ಗೆ ಬೇಡ. ಒತ್ತಡ ಜಾಸ್ತಿ ಬೇಕು, ಮಂಜು ಜಾಸ್ತಿ, ಕಪ್ಪಿನ ತಳದಲ್ಲಿ ದುಬಾರಿ ಪಿಯು ಉಳಿದು ದಂಡ. ಮೇಲೆ ಕಪ್ಪಿರುವ ಗನ್‌ಗಳಲ್ಲಿ ಬಣ್ಣ ತಾನಾಗಿ ಇಳಿಯುವುದರಿಂದ ಕೊನೆಯ ಹನಿಯವರೆಗೂ ಬಳಸಬಹುದು.

ಬ್ಲೋವರ್ ಜೊತೆಗೇ ಬರುವ ಕರೆಂಟ್ ಗನ್‌ಗಳ ಮಾತೂ ಬಂತು. ಕಂಪ್ರೆಸರೇ ಬೇಡ ಎಂಬುದು ಅವುಗಳ ಗುಣ. ಆದರೆ ಅಗ್ಗದವು ಪಿಯುವನ್ನು ಬಿಳಿ ಮ್ಯಾಟ್‌ಗೆ ಬೇಕಾದಷ್ಟು ನುಣ್ಣಗೆ ಒಡೆಯುವುದಿಲ್ಲ. ಗೇಟು, ಗ್ರಿಲ್ಲು, ಗೋಡೆಗಾದರೆ ತೊಂದರೆ ಇಲ್ಲ.

ಉಳಿದದ್ದು ಎಲ್‌ವಿಎಲ್‌ಪಿ (ಲೋ ವಾಲ್ಯೂಮ್ ಲೋ ಪ್ರೆಷರ್) ಗನ್. ಗಾಳಿಯೂ ಕಡಿಮೆ, ಒತ್ತಡವೂ ಕಡಿಮೆ. ನನ್ನ ಹತ್ತಿರ ಇದ್ದ ಒಂದು ಗನ್‌ನ ಕಾಗದದಲ್ಲಿ 1.3 ನಾಜಲ್‌ಗೆ 4 ಸಿಎಫ್‌ಎಂ ಅಂತಿದೆ, ನಿಮಿಷಕ್ಕೆ 113 ಲೀಟರ್. ನಮ್ಮ 130ರ ಒಳಗೆ ಬಂತು. ಆದರೆ ಬರೀ ಒಳಗೆ ಬಂದರೆ ಸಾಲದು, ಮೋಟರ್‌ಗೆ ವಿಶ್ರಾಂತಿಯೂ ಸಿಗಬೇಕು. ಟ್ರಿಗರ್ ಎಳೆದೇ ಇರುವುದಿಲ್ಲವಲ್ಲ. ಹಲಗೆ ತಿರುಗಿಸುವುದು, ಬಣ್ಣ ತುಂಬುವುದು, ಅಂಚು ನೋಡುವುದು ಎಲ್ಲ ಬಿಟ್ಟರೆ ನೂರಕ್ಕೆ 60 ಪಾಲು ಹೊತ್ತು ಗನ್ ಉಸಿರಾಡುತ್ತದೆ. 113ರಲ್ಲಿ 60 ಪಾಲು ಅಂದರೆ 68 ಲೀಟರ್. ಮೋಟರ್ ಸುಮಾರು ಅರ್ಧ ಹೊತ್ತು ಓಡಿದರೆ ಸಾಕು.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಮುಂಚೆಯೇ ಹೇಳಿದೆ. ಬೀಸು ಚಿಕ್ಕದು. ಎಚ್‌ವಿಎಲ್‌ಪಿಯಲ್ಲಿ 9 ಇಂಚು ಅಗಲ ಬೀಳುತ್ತಿದ್ದರೆ ಇದರಲ್ಲಿ 6 ಇಂಚು. ಒಂದು ಶಟರ್‌ಗೆ ಅರ್ಧ ಹೊತ್ತು ಜಾಸ್ತಿ. ದಪ್ಪ ಪ್ರೈಮರ್ ಇದರಲ್ಲಿ ಚೆನ್ನಾಗಿ ಹೋಗುವುದಿಲ್ಲ. ಗಡಿಬಿಡಿಯವರಿಗೆ ಇದು ಆಗಿಬರುವುದಿಲ್ಲ.

ಎಸ್‌ಪಿ ರೋಡಿನಲ್ಲಿ

ಮಂಗಳವಾರ ಮಧ್ಯಾಹ್ನ ಹುಡುಗನನ್ನು ಕರೆದುಕೊಂಡು ಎಸ್‌ಪಿ ರೋಡಿಗೆ ಹೋದೆ. ಮೊದಲ ಅಂಗಡಿಯಲ್ಲಿ "ಯಾವ ಗನ್ ಆದ್ರೂ ಯಾವ ಕಂಪ್ರೆಸರ್‌ಗಾದ್ರೂ ಆಗುತ್ತೆ ಸರ್, ಥ್ರೆಡ್ ಒಂದೇ" ಅಂದರು. ಥ್ರೆಡ್ ಒಂದೇ ಹೌದು, ಕಾಲು ಇಂಚು. ಗೊಂದಲ ಆಗುವುದೇ ಅಲ್ಲಿಂದ. ಎರಡನೇ ಅಂಗಡಿಯವರು ಕೌಂಟರ್ ಮೇಲೆ ಡಬ್ಬಿ ಬಿಚ್ಚಿ ಕಾಗದ ತೋರಿಸಿದರು. ಅಲ್ಲೇ ಎಲ್‌ವಿಎಲ್‌ಪಿ ಗನ್ ತೆಗೆದುಕೊಂಡೆವು.

ಕೈಗೆ ಬಂದ ಗನ್‌ನಲ್ಲಿ ನಾನು ನೋಡುವುದು ಇಷ್ಟು. ಗಾಳಿಯ ಬಳಕೆ ಕಾಗದದಲ್ಲಿ ಬರೆದಿರಬೇಕು, ಯಾವ ಒತ್ತಡದಲ್ಲಿ ಎಂಬುದೂ ಇರಬೇಕು. ಸೂಜಿ ಮತ್ತು ನಾಜಲ್ ಸ್ಟೇನ್‌ಲೆಸ್ ಸ್ಟೀಲ್ ಇರಬೇಕು. ಅದೇ ಅಂಗಡಿಯಲ್ಲಿ ಆ ಗನ್‌ನ ಸೂಜಿ, ನಾಜಲ್, ವಾಷರ್ ಬಿಡಿಯಾಗಿ ಸಿಗಬೇಕು. ಸಿಗದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಒಂದು ವಾಷರ್‌ಗೋಸ್ಕರ ಮೂಲೆಗೆ ಬಿದ್ದ ಗನ್‌ಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಗನ್ ಜೊತೆಗೆ ಇನ್ನೂ ಎರಡು ಸಾಮಾನು ತೆಗೆಸಿದೆ. ಇದ್ದ ಪೈಪು ಒಳಗೆ 6 ಮಿಲಿಮೀಟರ್‌ನ ಸುರುಳಿ ಪೈಪು, 10 ಮೀಟರ್ ಉದ್ದ. ಒತ್ತಡ ಹೊಂದಿಸುವ ರೆಗ್ಯುಲೇಟರ್‌ನಲ್ಲಿ 3 ಬಾರ್ ತೋರಿಸುತ್ತಿದ್ದಾಗ, ಎಚ್‌ವಿಎಲ್‌ಪಿ ಗನ್‌ನ ಬುಡಕ್ಕೆ ಗೇಜು ಕೂರಿಸಿ ಟ್ರಿಗರ್ ಎಳೆದರೆ 1.7 ಬಾರ್ ಮಾತ್ರ ಇತ್ತು. ಉಳಿದದ್ದೆಲ್ಲ ಪೈಪಿನಲ್ಲಿ, ಕಪ್ಲರ್‌ನಲ್ಲಿ ಕಳೆದುಹೋಗುತ್ತಿತ್ತು. ಅದಕ್ಕೆ 8 ಮಿಲಿಮೀಟರ್‌ನ ನೇರ ಪೈಪು. ಇನ್ನೊಂದು, ನೀರು ಹಿಡಿಯುವ ಫಿಲ್ಟರ್. ಜುಲೈ ತಿಂಗಳ ಗಾಳಿಯಲ್ಲಿ ತೇವ ತುಂಬಿರುತ್ತದೆ. ಕಂಪ್ರೆಸರ್‌ನಿಂದ ಬಿಸಿಯಾಗಿ ಹೊರಟ ಗಾಳಿ ಪೈಪಿನಲ್ಲಿ ತಣ್ಣಗಾಗುತ್ತಾ ನೀರು ಬಿಡುತ್ತದೆ. ಹಾಗಾಗಿ ಫಿಲ್ಟರ್ ಅನ್ನು ಕಂಪ್ರೆಸರ್ ಬುಡದಲ್ಲಿ ಕೂರಿಸಿದರೆ ಪ್ರಯೋಜನ ಕಡಿಮೆ. ಗಾಳಿ ತಣ್ಣಗಾದ ಮೇಲೆ, ಐದಾರು ಮೀಟರ್ ಆಚೆ, ಗೋಡೆಗೆ ಹಾಕಿದೆವು. ಟ್ಯಾಂಕಿನ ತಳದ ನಲ್ಲಿ ಬಿಚ್ಚಿದಾಗ ಅರ್ಧ ಲೋಟದಷ್ಟು ಕಂದು ನೀರು ಬಂತು. ಕೊಂಡಾಗಿನಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ.

ಮಾಸ್ಕು

ಇದೊಂದನ್ನು ಗಟ್ಟಿಯಾಗಿ ಹೇಳಬೇಕು. ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಪಿಯು ಹೊಡೆಯುತ್ತಿದ್ದ. ಎರಡು ಡಬ್ಬಿ ಬೆರೆಸುವ ಪಿಯುವಿನ ಹಾರ್ಡ್‌ನರ್‌ನಲ್ಲಿ (ಬಣ್ಣ ಗಟ್ಟಿಯಾಗಲು ಬೆರೆಸುವ ದ್ರವ) ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಒಳಗೆ ಹೋಗಿ ಕೆಲವರಿಗೆ ಆಸ್ತಮಾ ಬರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪವೇ ಒಳಗೆ ಹೋದರೂ ಉಸಿರು ಹಿಡಿಯುತ್ತದೆ. ಬಟ್ಟೆ, ಧೂಳಿನ ಮಾಸ್ಕ್ ಇದನ್ನು ತಡೆಯುವುದಿಲ್ಲ. ದಿನವೂ ಹೊಡೆಯುವವರಿಗೆ ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕೇ ಸರಿ. ಇವರಿಗೆ ಸದ್ಯಕ್ಕೆ ಮುಖಕ್ಕೆ ಗಟ್ಟಿಯಾಗಿ ಕೂರುವ, ಆವಿ ಹಿಡಿಯುವ ಕಾರ್ಟ್ರಿಜ್ ಇರುವ ಮಾಸ್ಕ್ ಕೊಡಿಸಿದೆ. ಬಾಗಿಲು, ಕಿಟಕಿ ಎರಡೂ ತೆರೆದು, ಗಾಳಿ ಬೆನ್ನಿನ ಕಡೆಯಿಂದ ಬರುವ ಹಾಗೆ ನಿಲ್ಲಿಸಿದೆ. ಶೆಡ್ಡಿನ ಮೂಲೆಯಲ್ಲಿ ದೇವರ ಪಟದ ಮುಂದೆ ದೀಪ ಉರಿಯುತ್ತಿತ್ತು. ತಿನ್ನರ್ ಆವಿ ತುಂಬಿದ ಜಾಗ. ನಾನು ಬಾಯಿ ಬಿಡುವ ಮೊದಲೇ ಆಚಾರ್ರು ಕೈಮುಗಿದು ದೀಪ ಶಾಂತ ಮಾಡಿದರು. ಈಗ ಸ್ಪ್ರೇ ಕೆಲಸ ಇರುವ ದಿನ ಸಂಜೆ, ಗಾಳಿಯಾಡಿದ ಮೇಲೆ ದೀಪ ಹಚ್ಚುತ್ತಾರೆ.

ಹೊಡೆದು ನೋಡಿದ್ದು

ಮೊದಲು ಬಣ್ಣದ ದಪ್ಪ ನೋಡಿದೆವು. ಅಳತೆಯ ಬಿ4 ಕಪ್ಪಿನಲ್ಲಿ ತುಂಬಿ, ತಳದ ತೂತಿನಿಂದ ಇಳಿದು ಮುಗಿಯಲು ಎಷ್ಟು ಸೆಕೆಂಡ್ ಅಂತ. ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ ತಿನ್ನರ್ ಹಾಕಿದಾಗ 19 ಸೆಕೆಂಡ್ ಬಂತು. ಹುಡುಗನ ಹಳೆಯ ಅಂದಾಜಿನ ಮಿಶ್ರಣ 13 ಸೆಕೆಂಡಿಗೇ ಖಾಲಿ. ಅಂಚಿನಲ್ಲಿ ಇಳಿದದ್ದು ಇದರಿಂದ.

ಆಮೇಲೆ ಗೋಡೆಗೆ ಹಳೆಯ ದಿನಪತ್ರಿಕೆ ಅಂಟಿಸಿ, ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಹಿಡಿದು, ಒಂದೇ ಕ್ಷಣ ಟ್ರಿಗರ್ ಎಳೆಯುವುದು. ಕಾಗದದ ಮೇಲಿನ ಗುರುತೇ ಎಲ್ಲ ಹೇಳುತ್ತದೆ. 1.2 ಬಾರ್‌ನಲ್ಲಿ ನಡುವೆ ದಪ್ಪ, ಅಂಚಿನಲ್ಲಿ ದೊಡ್ಡ ಹನಿಗಳು: ಒತ್ತಡ ಸಾಲದು. ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋದೆವು. 1.8ರಲ್ಲಿ ಉದ್ದನೆಯ, ಎರಡೂ ತುದಿ ಸಣ್ಣಗಿರುವ, ಎಲ್ಲ ಕಡೆ ಒಂದೇ ಸಮ ಹನಿಯ ಗುರುತು ಬಂತು. 2.4ಕ್ಕೆ ಏರಿಸಿದಾಗ ನಡುವೆ ತೆಳುವಾಗಿ ಎರಡು ತುದಿಗೆ ಬಣ್ಣ ಓಡಿತು. ಹಿಂದಕ್ಕೆ ಬಂದು 1.8ರಲ್ಲೇ ನಿಂತೆವು. ಈ ಎಲ್ಲ ಅಳತೆ ಟ್ರಿಗರ್ ಎಳೆದಿರುವಾಗಲೇ ನೋಡಬೇಕು. ಬಿಟ್ಟಾಗ ಗೇಜು ತೋರಿಸುವ ಸಂಖ್ಯೆಗೆ ಬೆಲೆ ಇಲ್ಲ.

ಒರಟಾದ ಏಳು ಶಟರ್‌ಗಳನ್ನು 400 ನಂಬರ್ ಪೇಪರ್‌ನಲ್ಲಿ ಉಜ್ಜಿ, ಒರೆಸಿ, ಮತ್ತೆ ಹೊಡೆದರು. ಪ್ರತಿ ಬೀಸೂ ಹಿಂದಿನ ಬೀಸಿನ ಅರ್ಧವನ್ನು ಮುಚ್ಚಬೇಕು, ಹಲಗೆಗೆ ಬರುವ ಮುಂಚೆ ಟ್ರಿಗರ್ ಎಳೆದು ದಾಟಿದ ಮೇಲೆ ಬಿಡಬೇಕು. ಅಪ್ಪನ ಕೈಗೆ ಇದು ಮಗನಿಗಿಂತ ಬೇಗ ಬಂತು. ನಲವತ್ತು ವರ್ಷ ಉಂಡೆ ಹಿಡಿದು ಉದ್ದುದ್ದ ಎಳೆದ ಕೈ. ಆ ಹದ ಗನ್‌ನಲ್ಲೂ ಹಾಗೇ ಕೂತಿತು. ಎರಡೆರಡು ಶಟರ್ ಒಟ್ಟಿಗೆ ಇಟ್ಟು ನಿಲ್ಲಿಸದೆ ಹೊಡೆದರೂ ಟ್ಯಾಂಕ್ ಗೇಜು 5 ಬಾರ್‌ಗಿಂತ ಕೆಳಗೆ ಬರಲಿಲ್ಲ. ಎಡ ಯಾವುದು, ಬಲ ಯಾವುದು ಅಂತ ಹೇಳಲು ಆಗಲಿಲ್ಲ.

ಗನ್, ಪೈಪು, ಫಿಲ್ಟರ್, ಮಾಸ್ಕ್ ಸೇರಿ ಖರ್ಚು 6,000 ರೂಪಾಯಿ ದಾಟಲಿಲ್ಲ. ಶಟರ್‌ಗಳು ಗೃಹಪ್ರವೇಶಕ್ಕೆ ನಾಲ್ಕು ದಿನ ಮುಂಚೆ ನಾಗರಬಾವಿಗೆ ಹೋದವು. ಎಚ್‌ವಿಎಲ್‌ಪಿ ಗನ್ ಅನ್ನು ಕಾರಿನ ಟಿಂಕರಿಂಗ್ ಗ್ಯಾರೇಜಿನ ಪರಿಚಯದವರೊಬ್ಬರಿಗೆ ಕೊಟ್ಟರು. ಅಲ್ಲಿ ಅದು ಚೆನ್ನಾಗಿ ಓಡುತ್ತಿದೆ. ಮಂಟಪದ ಕೆತ್ತನೆಗೆ ಅಂತ 0.8 ನಾಜಲ್‌ನ ಮಿನಿ ಗನ್ ಒಂದನ್ನು ಆಮೇಲೆ ತೆಗೆದುಕೊಂಡರು. ಹೂವಿನ ಎಸಳಿನ ಸಂದಿಗೆ ಬಣ್ಣ ತುಂಬಿಕೊಳ್ಳದೆ ಹೊಡೆಯಲು ಅದೇ ಸರಿ, ಗಾಳಿಯೂ ಇನ್ನೂ ಕಡಿಮೆ ಸಾಕು.

ಕಂಪ್ರೆಸರ್ ಟ್ಯಾಂಕಿನ ಮೇಲೆ ಹುಡುಗ ಮಾರ್ಕರ್‌ನಲ್ಲಿ "5ರಿಂದ 7: 46 ಸೆಕೆಂಡ್" ಅಂತ ಬರೆದಿದ್ದಾನೆ. ತಿಂಗಳಿಗೊಮ್ಮೆ ಅಳೆಯುತ್ತಾನೆ. ನವೆಂಬರ್‌ನಲ್ಲಿ ಫೋನ್ ಮಾಡಿ "ಅಣ್ಣಾ, 55 ಬರ್ತಾ ಇದೆ" ಅಂದ. ಗಾಳಿ ಒಳಗೆ ಹೋಗುವ ಕಡೆಯ ಫಿಲ್ಟರ್ ಬಿಚ್ಚಿ ನೋಡು ಅಂದೆ. ಮರದ ಪುಡಿ ಗಟ್ಟಿಯಾಗಿ ಮೆತ್ತಿಕೊಂಡಿತ್ತಂತೆ. ಸ್ವಚ್ಛ ಮಾಡಿದ ಮೇಲೆ 47. ಈಗ ಕಂಪ್ರೆಸರ್ ಅನ್ನು ಗರಗಸದಿಂದ ದೂರ, ಶೆಡ್ಡಿನ ಹಿಂಬಾಗಿಲ ಆಚೆ ಇಡಲು ಒಂದು ಶೀಟಿನ ಮಾಡು ಹಾಕುತ್ತಿದ್ದಾರೆ.